ಪಿಂಗ್ ಬರುತ್ತದೆ, ಪುಟ ತೆರೆಯುವುದಿಲ್ಲ: ಪದರ ಪದರವಾಗಿ ದೋಷ ಹುಡುಕುವ ಬಗೆ

"ಸಾರ್, ಯೂಟ್ಯೂಬ್ ಚೆನ್ನಾಗಿ ಓಡ್ತಿದೆ. ಗೂಗಲ್ ಬರುತ್ತೆ. ಬ್ಯಾಂಕ್ ಸೈಟ್ ಮಾತ್ರ ಓಪನ್ ಆಗ್ತಿಲ್ಲ, ಸುಮ್ನೆ ಸುತ್ತುತ್ತಾ ಇರುತ್ತೆ."

ನೆಟ್‌ವರ್ಕ್ ಕೆಲಸ ಮಾಡುವವರಿಗೆ ಈ ದೂರು ಹೊಸದಲ್ಲ. ಹೆಚ್ಚಾಗಿ ಇದು ಹೊಸ ರೂಟರ್ ಹಾಕಿದ ಮೇಲೆ ಶುರುವಾಗುತ್ತದೆ. ಇಲ್ಲವೇ ಫೈಬರ್ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ ಸ್ಥಿತಿಗೆ) ಹಾಕಿ, ಹಳೇ ಪಿಸಿಯೊಂದನ್ನು ಲಿನಕ್ಸ್ ಫೈರ್‌ವಾಲ್ (ಬಂದು ಹೋಗುವುದನ್ನು ಸೋಸುವ ಕಾವಲು) ಮಾಡಿಕೊಂಡ ಮೇಲೆ. ಪಿಂಗ್ ಮಾಡಿದರೆ, ಅಂದರೆ ಪುಟ್ಟದೊಂದು ಪ್ಯಾಕೆಟ್ (ಡೇಟಾದ ಕಟ್ಟು) ಕಳುಹಿಸಿ ಉತ್ತರ ಕೇಳಿದರೆ, ಉತ್ತರ ಬರುತ್ತದೆ. ಇಂಟರ್ನೆಟ್ ಕೊಟ್ಟವರನ್ನು ಕೇಳಿದರೆ "ನಮ್ಮ ಕಡೆ ಎಲ್ಲಾ ಸರಿ ಇದೆ" ಎನ್ನುತ್ತಾರೆ. ಬ್ಯಾಂಕಿನವರೂ ಅದನ್ನೇ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ದೋಷ ಇಬ್ಬರ ನಡುವೆ ಇದೆ.

ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು ಒಂದೇ. ಪಿಂಗ್ ಬಂತು ಅಂದರೆ ಸಣ್ಣ ಪ್ಯಾಕೆಟ್ ಹೋಗಿ ಬಂತು ಅಂತ ಅರ್ಥ, ಅಷ್ಟೇ. ಕೆಳಗಿನ ಪದರ ಸರಿ ಇದ್ದ ಮಾತ್ರಕ್ಕೆ ಮೇಲಿನದು ಸರಿ ಇರಬೇಕೆಂದಿಲ್ಲ. ಒಂದೊಂದು ಪದರಕ್ಕೂ ಅದರದ್ದೇ ಪ್ರಶ್ನೆ ಕೇಳಬೇಕು. ಹಾಗೆ ಕೇಳುತ್ತಾ ಹೋದರೆ ಈ ದೋಷ ಎಷ್ಟೇ ಅಡಗಿದ್ದರೂ ಸಿಕ್ಕೇ ಸಿಗುತ್ತದೆ.

ಮೊದಲು ಬೈಟ್‌ಗಳ ಲೆಕ್ಕ

ಪಠ್ಯಪುಸ್ತಕದಲ್ಲಿ ಏಳು ಪದರ ಓದಿರುತ್ತೀರಿ. ಅದು 1984ರಲ್ಲಿ ಐಎಸ್‌ಒ ಪ್ರಕಟಿಸಿದ ಓಎಸ್‌ಐ ಮಾದರಿ. ಇಂಟರ್ನೆಟ್ ಓಡುವುದು ನಾಲ್ಕು ಪದರದ ಲೆಕ್ಕದಲ್ಲಿ: ಕೊಂಡಿ (ತಂತಿ, ವೈಫೈ), ವಿಳಾಸ ನೋಡಿ ದಾರಿ ಹಿಡಿಸುವ ಐಪಿ, ಅದರ ಮೇಲೆ ತಲುಪಿದ್ದನ್ನು ಖಚಿತ ಮಾಡಿಕೊಳ್ಳುವ ಟಿಸಿಪಿ ಅಥವಾ ಹಾಗೆ ಮಾಡದ ಯುಡಿಪಿ, ಎಲ್ಲಕ್ಕಿಂತ ಮೇಲೆ ಆ್ಯಪ್‌ಗಳ ಮಾತು. ದೋಷ ಹುಡುಕುವಾಗ ಪದರಗಳ ಹೆಸರಿಗಿಂತ ತೂಕ ಮುಖ್ಯ. ಪ್ರತಿ ಪದರವೂ ಮೇಲಿನಿಂದ ಬಂದದ್ದಕ್ಕೆ ತನ್ನದೊಂದು ಹೆಡರ್ (ವಿಳಾಸ ಮುಂತಾದ ವಿವರದ ತಲೆಚೀಟಿ) ಸೇರಿಸುತ್ತದೆ. ಪ್ರತಿ ಹೆಡರ್‌ಗೂ ಜಾಗ ಬೇಕು.

ತಂತಿ ಜಾಲದ ಪದ್ಧತಿಯಾದ ಇಥರ್ನೆಟ್‌ನಲ್ಲಿ ಫ್ರೇಮ್ ಎಂಬ ಕಟ್ಟು ಒಂದರ ಒಳಗೆ ಹಿಡಿಯುವುದು 1500 ಬೈಟ್. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಕಂಪನಿಗಳು ಸೇರಿ ಇಥರ್ನೆಟ್‌ನ ನಿಯಮ ಬರೆದಾಗಿನಿಂದ ಈ ಅಂಕಿ ಹಾಗೇ ಇದೆ. ಅದರಲ್ಲಿ ಐಪಿ ಹೆಡರ್‌ಗೆ 20, ಟಿಸಿಪಿ ಹೆಡರ್‌ಗೆ 20 ಹೋದರೆ ಉಳಿಯುವುದು 1460. ಒಂದು ಪ್ಯಾಕೆಟ್‌ನಲ್ಲಿ ನಿಮ್ಮ ನಿಜವಾದ ಡೇಟಾ ಹೋಗುವುದು ಇಷ್ಟೇ.

ನಮ್ಮಲ್ಲಿ ಬಹಳಷ್ಟು ಫೈಬರ್ ಸಂಪರ್ಕಗಳಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಡುತ್ತಾರಲ್ವಾ? ಅದು ಪಿಪಿಪಿಒಇ. ಇಥರ್ನೆಟ್ ಮತ್ತು ಐಪಿ ನಡುವೆ ತೂರಿಕೊಂಡ ಇನ್ನೊಂದು ಪದರ. ಅದರ ಹೆಡರ್ 6 ಬೈಟ್, ಒಳಗಿನ ಪಿಪಿಪಿಗೆ 2 ಬೈಟ್, ಒಟ್ಟು 8. ಹಾಗಾಗಿ ಐಪಿ ಪ್ಯಾಕೆಟ್‌ಗೆ ಸಿಗುವ ಜಾಗ 1500 ಅಲ್ಲ, 1492. ಈ ಮಿತಿಗೆ ಎಂಟಿಯು ಎನ್ನುತ್ತಾರೆ.

ನಿಮ್ಮ ಪಿಸಿಗೆ ಈ 8 ಬೈಟ್ ಗೊತ್ತಿಲ್ಲ. ಅದಕ್ಕೆ ಕಾಣುವುದು ಕೋಣೆಯಲ್ಲಿರುವ ಇಥರ್ನೆಟ್ ಅಥವಾ ವೈಫೈ ಮಾತ್ರ. ದೂರದ ಸರ್ವರ್‌ಗೂ ಗೊತ್ತಿಲ್ಲ. ಇಬ್ಬರೂ 1500 ಅಂದುಕೊಂಡೇ ಮಾತು ಶುರು ಮಾಡುತ್ತಾರೆ.

ಕೆಳಗಿನ ಪದರಗಳನ್ನು ಬೇಗ ಮುಗಿಸಿ

ಎಂಟಿಯು ಅಂತ ಕೇಳಿದ ತಕ್ಷಣ ಅಲ್ಲಿಗೆ ಹಾರಬೇಡಿ. ಕೆಳಗಿನದನ್ನು ಮೊದಲು ಮುಗಿಸಿಕೊಳ್ಳಿ, ಜಾಸ್ತಿ ಹೊತ್ತು ಹಿಡಿಯುವುದಿಲ್ಲ.

ಫೈಬರ್ ಪೆಟ್ಟಿಗೆಯ ದೀಪ ನೋಡಿ. ಪಾನ್ ಎಂದು ಬರೆದಿರುವ ದೀಪ ಮಿಟುಕದೆ ಉರಿಯುತ್ತಿರಬೇಕು. ಲಾಸ್ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ. ಫೈಬರ್ ತುಂಡಾಗಿದೆ, ಇಲ್ಲವೇ ಎಲ್ಲೋ ಜೋರಾಗಿ ಬಾಗಿದೆ. ಆಗ ಲೈನ್‌ಮನ್‌ಗೆ ಫೋನ್ ಮಾಡಿ, ಈ ಬರಹ ಪಕ್ಕಕ್ಕಿಡಿ.

ಆಮೇಲೆ ಕೇಬಲ್. ಗಿಗಾಬಿಟ್ ಇರಬೇಕಾದ ಕಡೆ 100 ಮೆಗಾಬಿಟ್ ತೋರಿಸುತ್ತಿದ್ದರೆ ತಂತಿಯ ಒಂದು ಜೋಡಿ ಕೈಕೊಟ್ಟಿರುತ್ತದೆ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಕನೆಕ್ಟರ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ.

ಪಿಸಿಯ ಐಪಿ ವಿಳಾಸ 169.254ರಿಂದ ಶುರುವಾಗಿದ್ದರೆ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ, ಪಿಸಿ ತಾನೇ ಒಂದು ವಿಳಾಸ ಹಾಕಿಕೊಂಡಿದೆ. ವಿಳಾಸ ಸರಿ ಇದ್ದರೆ ರೂಟರ್‌ಗೆ ಪಿಂಗ್ ಮಾಡಿ, ಆಮೇಲೆ ಹೊರಗಿನ ಇಂಟರ್ನೆಟ್‌ನಲ್ಲಿರುವ 1.1.1.1ಕ್ಕೆ. ಎರಡೂ ಬಂದರೆ ಎನ್‌ಎಸ್‌ಲುಕಪ್ ಆಜ್ಞೆಯಿಂದ ಆ ಬ್ಯಾಂಕ್ ಸೈಟಿನ ಹೆಸರು ಕೊಟ್ಟು ವಿಳಾಸ ಬರುತ್ತದೆಯೇ ನೋಡಿ. ಬಂದರೆ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರಿ ಇದೆ. ಬಹಳ ಜನ ಇಲ್ಲೇ ಎಡವುತ್ತಾರೆ. ಪುಟ ತೆರೆಯದಿದ್ದರೆ ಡಿಎನ್‌ಎಸ್ ಬದಲಾಯಿಸಿ ನೋಡುವುದು ಒಂದು ಅಭ್ಯಾಸವೇ ಆಗಿದೆ. ಹೆಸರಿಗೆ ವಿಳಾಸ ಸಿಕ್ಕ ಮೇಲೆ ಡಿಎನ್‌ಎಸ್‌ನ ಕೆಲಸ ಮುಗಿಯಿತು. ಆಮೇಲೆ ಪುಟ ನಿಂತರೆ ಅದಕ್ಕೂ ಡಿಎನ್‌ಎಸ್‌ಗೂ ಸಂಬಂಧವಿಲ್ಲ.

ಪಿಸಿಯ ಗಡಿಯಾರವನ್ನೂ ಒಮ್ಮೆ ನೋಡಿಬಿಡಿ. ಮದರ್‌ಬೋರ್ಡ್ ಬ್ಯಾಟರಿ ಸತ್ತು ತಾರೀಖು ಹಿಂದೆ ಹೋಗಿದ್ದರೆ ಸುರಕ್ಷಿತ ಸೈಟ್‌ಗಳು ತೆರೆಯುವುದಿಲ್ಲ. ಆದರೆ ಆಗ ಬ್ರೌಸರ್, ಸೈಟಿನ ಗುರುತುಪತ್ರವಾದ ಸರ್ಟಿಫಿಕೇಟ್ ತಪ್ಪಿದೆ ಎಂದು ಎಚ್ಚರಿಕೆ ಕೊಡುತ್ತದೆ. ನಮ್ಮ ದೋಷದಲ್ಲಿ ಯಾವ ಎಚ್ಚರಿಕೆಯೂ ಇಲ್ಲ. ಚಕ್ರ ತಿರುಗುತ್ತಲೇ ಇರುತ್ತದೆ.

ಸುಮ್ಮನೆ ನಿಲ್ಲುವುದೇ ದೊಡ್ಡ ಸುಳಿವು

ಈಗ ಟಿಸಿಪಿ ಪದರಕ್ಕೆ ಬನ್ನಿ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಆಜ್ಞೆ ಇದೆ. ಸೈಟಿನ ಹೆಸರು, ಪೋರ್ಟ್ 443 (ಸುರಕ್ಷಿತ ಸೈಟ್‌ಗಳ ಬಾಗಿಲು) ಕೊಟ್ಟು ಓಡಿಸಿ. ನಮ್ಮ ದೋಷ ಇರುವ ಕಡೆ ಇದೂ ಯಶಸ್ವಿ ಎಂದೇ ಬರುತ್ತದೆ! ಪೋರ್ಟ್ ತೆರೆದಿದೆ, ಸಂಪರ್ಕ ಆಗಿದೆ. ಆದರೂ ಪುಟ ಇಲ್ಲ.

ಏಕೆ? ಟಿಸಿಪಿ ಸಂಪರ್ಕ ಶುರುವಾಗುವುದು ಮೂರು ಪುಟ್ಟ ಪ್ಯಾಕೆಟ್‌ಗಳಿಂದ. ಒಂದೊಂದೂ ನೂರು ಬೈಟ್ ಕೂಡ ಇರುವುದಿಲ್ಲ. ವಿಂಡೋಸ್‌ನ ಪಿಂಗ್ ಒಯ್ಯುವುದು 32 ಬೈಟ್ ಡೇಟಾ, ಲಿನಕ್ಸ್‌ನದು 56. ಡಿಎನ್‌ಎಸ್ ಪ್ರಶ್ನೆ, ಉತ್ತರಗಳೂ ಸಾಮಾನ್ಯವಾಗಿ ಸಣ್ಣವೇ. ಇಲ್ಲಿವರೆಗೆ ನೀವು ಮಾಡಿದ ಪರೀಕ್ಷೆಗಳೆಲ್ಲ ಸಣ್ಣ ಪ್ಯಾಕೆಟ್‌ನವು. ರೈಲ್ವೆ ಅಂಡರ್‌ಪಾಸ್‌ನಲ್ಲಿ ಬೈಕು, ಕಾರು ಸಲೀಸಾಗಿ ದಾಟುತ್ತವೆ, ಹುಲ್ಲು ಹೇರಿದ ಲಾರಿ ಸಿಕ್ಕಿಕೊಳ್ಳುತ್ತದೆ. ಹಾಗೇ ಇದು.

ಮೊದಲ ದೊಡ್ಡ ಪ್ಯಾಕೆಟ್ ಬರುವುದು ಯಾವಾಗ ಗೊತ್ತಾ? ಸರ್ವರ್ ತನ್ನ ಸರ್ಟಿಫಿಕೇಟ್ ಕಳುಹಿಸುವಾಗ. ಅದು ಕೆಲವು ಸಾವಿರ ಬೈಟ್ ಇರುತ್ತದೆ. ಒಂದು ಪ್ಯಾಕೆಟ್‌ನಲ್ಲಿ ಹಿಡಿಯುವುದಿಲ್ಲ. ಸರ್ವರ್ ಅದನ್ನು ತುಂಡು ಮಾಡಿ, ಕೊನೆಯದೊಂದು ಬಿಟ್ಟು ಉಳಿದ ತುಂಡುಗಳನ್ನು ಭರ್ತಿ 1500 ಬೈಟ್‌ನ ಪ್ಯಾಕೆಟ್‌ಗಳಲ್ಲಿ ಕಳುಹಿಸುತ್ತದೆ. ಪುಟ ನಿಲ್ಲುವುದು ಸರಿಯಾಗಿ ಅಲ್ಲೇ. ಫೈರ್‌ಫಾಕ್ಸ್‌ನ ಕೆಳಮೂಲೆಯಲ್ಲಿ ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಸುರಕ್ಷಿತ ಸಂಪರ್ಕದ ಮೊದಲ ಮಾತುಕತೆ) ನಡೆಯುತ್ತಿದೆ ಎಂಬ ಸಾಲು ಕಾಣಿಸಿಕೊಂಡು ಅಲ್ಲೇ ನಿಂತರೆ ಅನುಮಾನ ಗಟ್ಟಿಯಾಗುತ್ತದೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಎಸ್‌ಎಸ್‌ಎಚ್ ಬಳಸುವವರಿಗೂ ಇದೇ ಅನುಭವ: ಸಂಪರ್ಕ ಆಗುತ್ತದೆ, ಕೀಲಿ ವಿನಿಮಯದ ಸಾಲಿನಲ್ಲಿ ನಿಂತುಬಿಡುತ್ತದೆ.

ಹಾಗಾದರೆ ಯೂಟ್ಯೂಬ್ ಹೇಗೆ ಓಡುತ್ತದೆ? ಕ್ರೋಮ್‌ನಂತಹ ಬ್ರೌಸರ್‌ಗಳು ಗೂಗಲ್‌ನ ಸೈಟ್‌ಗಳ ಜೊತೆ ಕ್ವಿಕ್ ಎಂಬ ಪ್ರೋಟೋಕಾಲ್‌ನಲ್ಲಿ ಮಾತಾಡುತ್ತವೆ. ಅದು ಓಡುವುದು ಯುಡಿಪಿ ಮೇಲೆ. 2021ರಲ್ಲಿ ಬಂದ ಅದರ ನಿಯಮದ ಪ್ರಕಾರ ದಾರಿ ಕನಿಷ್ಠ 1200 ಬೈಟ್ ಹಿಡಿದರೆ ಸಾಕು. ಅದಕ್ಕಿಂತ ದೊಡ್ಡದು ಹೋಗುತ್ತದೆಯೇ ಅಂತ ಪರೀಕ್ಷಿಸಿಕೊಂಡೇ ಹೆಚ್ಚಿಸಬೇಕು. ಹೀಗಾಗಿ 1492ರ ಮಿತಿ ಅದಕ್ಕೆ ತಾಗುವುದೇ ಇಲ್ಲ. "ಗೂಗಲ್ ಬರುತ್ತೆ, ಬ್ಯಾಂಕ್ ಬರಲ್ಲ" ಎಂಬ ದೂರಿನ ಗುಟ್ಟು ಇದು. ದೂರು ಹೇಳುವವರು ಯಾವ ಸೈಟ್ ಬರುತ್ತದೆ ಅಂತ ಹೇಳುವುದನ್ನು ನಾವು ಗಮನವಿಟ್ಟು ಕೇಳಿಸಿಕೊಳ್ಳಬೇಕು. ಅರ್ಧ ರೋಗಲಕ್ಷಣ ಅದರಲ್ಲೇ ಇರುತ್ತದೆ.

ದೊಡ್ಡ ಪ್ಯಾಕೆಟ್ ಎಲ್ಲಿ ಸತ್ತಿತು?

ದೊಡ್ಡ ಪ್ಯಾಕೆಟ್ ಇಕ್ಕಟ್ಟಿನ ಜಾಗಕ್ಕೆ ಬಂದರೆ ಏನಾಗಬೇಕು ಅಂತ ನಿಯಮ ಇದೆ. ಈಗಿನ ಟಿಸಿಪಿ ಪ್ಯಾಕೆಟ್‌ಗಳ ಮೇಲೆ ಸಾಮಾನ್ಯವಾಗಿ ಡಿಎಫ್ ಗುರುತು ಇರುತ್ತದೆ. ದಾರಿಯಲ್ಲಿ ತುಂಡು ಮಾಡಬೇಡಿ ಎಂದು ಅದರ ಅರ್ಥ. ಹಾಗಾಗಿ ರೂಟರ್ ಆ ಪ್ಯಾಕೆಟನ್ನು ಬಿಸಾಡಿ, ಕಳುಹಿಸಿದವರಿಗೆ ಐಸಿಎಂಪಿ (ಜಾಲದ ದೋಷ ತಿಳಿಸುವ, ಪಿಂಗ್ ಕೂಡ ಬಳಸುವ ಪ್ರೋಟೋಕಾಲ್) ಸುದ್ದಿ ವಾಪಸ್ ಕಳುಹಿಸಬೇಕು: "ಇಲ್ಲಿ 1492 ಮಾತ್ರ ಹಿಡಿಯುತ್ತದೆ." ಐಸಿಎಂಪಿಯಲ್ಲಿ ಇದು ಟೈಪ್ 3, ಕೋಡ್ 4. ಸುದ್ದಿ ಸಿಕ್ಕವರು ಪ್ಯಾಕೆಟ್ ಚಿಕ್ಕದು ಮಾಡಿ ಮತ್ತೆ ಕಳುಹಿಸುತ್ತಾರೆ. 1990ರ ಆರ್‌ಎಫ್‌ಸಿ 1191 ಎಂಬ ಇಂಟರ್ನೆಟ್ ನಿಯಮಪತ್ರದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಒಳ್ಳೆಯ ವ್ಯವಸ್ಥೆ. ಆ ಸುದ್ದಿ ತಲುಪುವವರೆಗೆ ಮಾತ್ರ.

ಸರ್ವರ್‌ನಿಂದ ನಿಮ್ಮ ಕಡೆ ಬರುವ 1500 ಬೈಟ್‌ನ ಪ್ಯಾಕೆಟ್, ಆಪರೇಟರ್‌ನ ಪಿಪಿಪಿಒಇ ಯಂತ್ರದ ಬಾಗಿಲಲ್ಲಿ ಸಾಯುತ್ತದೆ. ಅಲ್ಲಿಂದ ಸುದ್ದಿ ಹೊರಡುತ್ತದೆ. ಆದರೆ ಸರ್ವರ್ ಮುಂದಿನ ಫೈರ್‌ವಾಲ್‌ನಲ್ಲಿ ಯಾರೋ "ಐಸಿಎಂಪಿ ಅಪಾಯ" ಎಂದು ಪೂರ್ತಿ ಮುಚ್ಚಿಟ್ಟಿರುತ್ತಾರೆ. ಸುದ್ದಿ ಬಾಗಿಲಲ್ಲೇ ಬೀಳುತ್ತದೆ. ಸರ್ವರ್ ಅದೇ ಅಳತೆಯ ಪ್ಯಾಕೆಟನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಪ್ರತಿ ಸಲ ಕಾಯುವ ಸಮಯ ದುಪ್ಪಟ್ಟು. ನಿಮ್ಮ ಕಡೆ ಚಕ್ರ ತಿರುಗುತ್ತಲೇ ಇರುತ್ತದೆ. ಇದಕ್ಕೆ ಎಂಟಿಯು ಬ್ಲ್ಯಾಕ್‌ಹೋಲ್ ಎನ್ನುತ್ತಾರೆ.

ಫೈರ್‌ವಾಲ್ ನೋಡಿಕೊಳ್ಳುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ: ಪಿಂಗ್ ಬೇಡ ಅನಿಸಿದರೆ ಪಿಂಗ್ ಮಾತ್ರ ತಡೆಯಿರಿ. ಟೈಪ್ 3 ಕೋಡ್ 4 ಒಳಗೆ ಬಿಡಿ. ಅದನ್ನು ತಡೆದದ್ದರಿಂದ ಎಷ್ಟೋ ಊರಿನ ಗ್ರಾಹಕರು ಕಾರಣವೇ ತಿಳಿಯದೆ ಒದ್ದಾಡುತ್ತಾರೆ.

ಅಳತೆ ಹಾಕಿ ನೋಡಿ

ಈಗ ಅನುಮಾನವನ್ನು ಅಂಕಿಯಾಗಿ ಮಾಡೋಣ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 1.1.1.1ಕ್ಕೆ ಪಿಂಗ್ ಮಾಡಿ. ಜೊತೆಗೆ ಎರಡು ಸ್ವಿಚ್ ಕೊಡಿ: ಅಡ್ಡಗೆರೆ ಎಫ್ ಅಂದರೆ ತುಂಡು ಮಾಡಬೇಡ, ಅಡ್ಡಗೆರೆ ಎಲ್ ಆದಮೇಲೆ ಡೇಟಾದ ಅಳತೆ. ಮೊದಲು 1472 ಹಾಕಿ. ಲಿನಕ್ಸ್‌ನಲ್ಲಿ ಅಡ್ಡಗೆರೆ ದೊಡ್ಡ ಎಂ ಮುಂದೆ ಡು, ಅಡ್ಡಗೆರೆ ಚಿಕ್ಕ ಎಸ್ ಮುಂದೆ ಅಳತೆ.

1472 ಏಕೆ? ಪಿಂಗ್‌ನಲ್ಲಿ ಐಪಿ ಹೆಡರ್ 20, ಐಸಿಎಂಪಿ ಹೆಡರ್ 8. ಒಟ್ಟು 28 ಸೇರಿಸಿದರೆ 1500.

ಮೂರು ತರಹದ ಉತ್ತರ ಬರಬಹುದು. ಮಾಮೂಲಿ ಉತ್ತರ ಬಂದರೆ ಹೋಗುವ ದಾರಿ 1500 ಹಿಡಿಯುತ್ತದೆ. 'ಪ್ಯಾಕೆಟ್ ನೀಡ್ಸ್ ಟು ಬಿ ಫ್ರ್ಯಾಗ್‌ಮೆಂಟೆಡ್ ಬಟ್ ಡಿಎಫ್ ಸೆಟ್' ಎಂಬ ಸಾಲು ಬಂದರೆ ದಾರಿ ಇಕ್ಕಟ್ಟಾಗಿದೆ, ಆದರೆ ಸುದ್ದಿ ನಿಮಗೆ ತಲುಪುತ್ತಿದೆ. ಏನೂ ಬರದೆ ಟೈಮ್ಡ್ ಔಟ್ ಆದರೆ ದಾರಿಯೂ ಇಕ್ಕಟ್ಟು, ಸುದ್ದಿಯೂ ಇಲ್ಲ. ಅದು ಕೆಟ್ಟದ್ದು.

ಈಗ 1464 ಹಾಕಿ ನೋಡಿ, ಆಮೇಲೆ 1465. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಮಿತಿ 1464ಕ್ಕೆ 28 ಸೇರಿಸಿ 1492. ಪಿಪಿಪಿಒಇ ಪದರದ ಆ 8 ಬೈಟ್ ನಿಮ್ಮ ಕಣ್ಣಮುಂದೆ ಬಂತು. 1464 ಕೂಡ ಹೋಗದಿದ್ದರೆ 1400ಕ್ಕೆ ಇಳಿದು, ನಡುವಿನ ಅಂಕಿ ಹಾಕುತ್ತಾ ಬನ್ನಿ. ಮಿತಿ 1492ಕ್ಕಿಂತ ಕೆಳಗಿದ್ದರೆ ದಾರಿಯಲ್ಲಿ ತನ್ನದೇ ಹೆಡರ್ ಸೇರಿಸುವ ಇನ್ನೂ ಒಂದು ಸುರಂಗ ಇದೆ ಅಂತ, ಹೆಚ್ಚಾಗಿ ವಿಪಿಎನ್.

ಈ ಪಿಂಗ್ ಅಳೆಯುವುದು ನಿಮ್ಮಿಂದ ಹೊರಡುವ ದಾರಿಯನ್ನು. ಬರುವ ದಾರಿಯ ಸಾಕ್ಷಿ ಬೇಕಿದ್ದರೆ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆಯಿರಿ. ಸ್ವಲ್ಪ ತಾಳ್ಮೆ ಬೇಕು, ಆದರೆ ಈ ದೋಷವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸಾಧನ ಇನ್ನೊಂದಿಲ್ಲ. ಸೆರೆಹಿಡಿಯುವುದನ್ನು ಶುರು ಮಾಡಿ, ಬ್ಯಾಂಕ್ ಸೈಟ್ ತೆರೆಯಿರಿ. ಮೂರು ಪುಟ್ಟ ಪ್ಯಾಕೆಟ್ ಕಾಣುತ್ತವೆ. ನಿಮ್ಮ ಕಡೆಯಿಂದ ಕ್ಲೈಂಟ್ ಹೆಲೋ ಎಂಬ ಮೊದಲ ಮಾತು ಹೋಗುತ್ತದೆ. ಅದು ತಲುಪಿತು ಎಂದು ಸರ್ವರ್‌ನಿಂದ ಒಂದು ಸಣ್ಣ ಸ್ವೀಕೃತಿ ಬರುತ್ತದೆ. ಆಮೇಲೆ ವಿಚಿತ್ರ: ಸರ್ವರ್‌ನ ಮೊದಲ ಡೇಟಾ 1ನೇ ಬೈಟ್‌ನಿಂದ ಶುರುವಾಗಬೇಕಿತ್ತು, ಆದರೆ ಬಂದ ಪ್ಯಾಕೆಟ್‌ನ ಸೀಕ್ವೆನ್ಸ್ ಅಂಕಿ 2921, ಉದ್ದ 1103. ಹಿಂದಿನ ತುಂಡು ಕಾಣಿಸಲಿಲ್ಲ ಎಂದು ವೈರ್‌ಶಾರ್ಕ್ ಕಪ್ಪು ಪಟ್ಟಿಯಲ್ಲಿ ಎಚ್ಚರಿಸುತ್ತದೆ.

ಲೆಕ್ಕ ಹಾಕಿ. 1460ರ ಎರಡು ತುಂಡು ಅಂದರೆ 2920. ಆ ಎರಡೂ ಭರ್ತಿ ಪ್ಯಾಕೆಟ್‌ಗಳು, ಎರಡೂ ಸತ್ತವು. ಮೂರನೆಯದು ಬಾಲದ ತುಂಡು. 1103ಕ್ಕೆ ಹೆಡರ್‌ಗಳ 40 ಸೇರಿಸಿದರೆ 1143 ಬೈಟ್, ಹಾಗಾಗಿ ದಾಟಿ ಬಂತು. ನಿಮ್ಮ ಪಿಸಿ ಉತ್ತರ ಕೊಡುತ್ತದೆ: "ನನಗೆ ಇನ್ನೂ 1ನೇ ಬೈಟೇ ಬೇಕು. 2921ರಿಂದ 4023ರವರೆಗಿನದು ಮಾತ್ರ ನನ್ನ ಹತ್ತಿರ ಇದೆ." ಆಮೇಲೆ ಮೌನ. ಅಂಕಿಗಳು ಸೈಟಿನಿಂದ ಸೈಟಿಗೆ ಬದಲಾಗುತ್ತವೆ, ಆಕಾರ ಬದಲಾಗುವುದಿಲ್ಲ: ತಲೆ ಇಲ್ಲ, ಬಾಲ ಇದೆ. ಲೈನ್ ಕೆಟ್ಟು ಪ್ಯಾಕೆಟ್ ಕಳೆದರೆ ದೊಡ್ಡದು, ಚಿಕ್ಕದು ಎರಡೂ ಕಳೆಯುತ್ತವೆ. ಇಲ್ಲಿ ಅಳತೆ ನೋಡಿ ಕಳೆದಿದೆ.

ಇನ್ನೂ ಸುಲಭದ ದಾರಿ ಬೇಕೇ? ಒಂದು ಪಿಸಿಯ ಎಂಟಿಯು ಮಾತ್ರ 1400ಕ್ಕೆ ಇಳಿಸಿ, ಬ್ರೌಸರ್ ಮುಚ್ಚಿ ತೆರೆಯಿರಿ. ವಿಂಡೋಸ್‌ನಲ್ಲಿ ನೆಟ್‌ಶೆಲ್ ಆಜ್ಞೆಯಿಂದ ಆಗುತ್ತದೆ. ಆ ಪಿಸಿಯಲ್ಲಿ ಬ್ಯಾಂಕ್ ತೆರೆದು ಪಕ್ಕದ ಪಿಸಿಯಲ್ಲಿ ತೆರೆಯದಿದ್ದರೆ ದೋಷ ಇದೇ.

ಅರೆ, ನನ್ನ ಪಿಸಿಯಲ್ಲಿ ಇಳಿಸಿದರೆ ಸರ್ವರ್‌ಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಬಹುದು. ಸಂಪರ್ಕದ ಮೊದಲ ಪ್ಯಾಕೆಟ್‌ನಲ್ಲೇ ಪ್ರತಿಯೊಬ್ಬರೂ "ನನಗೆ ಒಂದು ಸಲಕ್ಕೆ ಇಷ್ಟು ಬೈಟ್ ಕಳುಹಿಸಿ" ಎಂದು ಹೇಳಿಕೊಳ್ಳುತ್ತಾರೆ. ಅದಕ್ಕೆ ಎಂಎಸ್‌ಎಸ್ ಎನ್ನುತ್ತಾರೆ. ಎಂಟಿಯು 1500 ಇದ್ದರೆ 1460 ಎನ್ನುತ್ತದೆ, 1400 ಇದ್ದರೆ 1360. ಸರ್ವರ್ ಅದಕ್ಕಿಂತ ದೊಡ್ಡ ತುಂಡು ಕಳುಹಿಸುವುದಿಲ್ಲ. ಐಸಿಎಂಪಿ ಸುದ್ದಿಯ ಅಗತ್ಯವೇ ಬೀಳುವುದಿಲ್ಲ.

ಸರಿಪಡಿಸುವುದು ರೂಟರ್‌ನಲ್ಲಿ

ಪ್ರತಿ ಪಿಸಿ, ಪ್ರತಿ ಫೋನ್ ಹಿಡಿದು ಎಂಟಿಯು ಬದಲಾಯಿಸುತ್ತಾ ಕೂರಬೇಡಿ. ರೂಟರ್‌ನಲ್ಲಿ ಎರಡು ಕೆಲಸ ಮಾಡಿದರೆ ಸಾಕು. ವ್ಯಾನ್ (ಇಂಟರ್ನೆಟ್ ಕಡೆಯ) ಅಥವಾ ಪಿಪಿಪಿಒಇ ಇಂಟರ್‌ಫೇಸ್‌ನ ಎಂಟಿಯು 1492 ಇರಲಿ. ಜೊತೆಗೆ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಹಾಕಿ. ಅಂದರೆ ದಾಟಿ ಹೋಗುವ ಮೊದಲ ಪ್ಯಾಕೆಟ್‌ನಲ್ಲಿ 1460 ಎಂದು ಬರೆದಿದ್ದರೆ ರೂಟರ್ ಅದನ್ನು 1452 ಎಂದು ತಿದ್ದಿ ಕಳುಹಿಸುತ್ತದೆ. ಐಪಿ ಪದರದಲ್ಲಿ ಕೆಲಸ ಮಾಡಬೇಕಾದ ರೂಟರ್ ಮೇಲಿನ ಟಿಸಿಪಿಯ ಪತ್ರ ತೆರೆದು ತಿದ್ದುವುದು ಪದರಗಳ ಶಿಸ್ತಿಗೆ ವಿರುದ್ಧ, ಒಪ್ಪುತ್ತೇನೆ. ಆದರೂ ನಿಮ್ಮ ಕೈಯಲ್ಲಿರುವ ಗಟ್ಟಿಯಾದ ಪರಿಹಾರ ಇದೇ. ದೂರದ ಫೈರ್‌ವಾಲ್ ನಿಮ್ಮ ಮಾತು ಕೇಳುವುದಿಲ್ಲ.

ಮನೆಗೆಂದೇ ಮಾಡಿದ ರೂಟರ್‌ಗಳಲ್ಲಿ ಇದು ಸಾಮಾನ್ಯವಾಗಿ ತಾನಾಗೇ ಚಾಲೂ ಇರುತ್ತದೆ. ಹಾಗಾಗಿಯೇ ಸಮಸ್ಯೆ ಕಾಣುವುದು ಅದನ್ನು ತೆಗೆದು ಬೇರೆಯದು ಹಾಕಿದಾಗ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಫೈರ್‌ವಾಲ್‌ನ ವ್ಯಾನ್ ವಲಯದಲ್ಲಿ ಇದಕ್ಕೊಂದು ಟಿಕ್ ಬಾಕ್ಸ್ ಇದೆ. ಮೈಕ್ರೋಟಿಕ್‌ನಲ್ಲಿ ಪಿಪಿಪಿ ಪ್ರೊಫೈಲ್ ಒಳಗೆ ಚೇಂಜ್ ಟಿಸಿಪಿ ಎಂಎಸ್‌ಎಸ್ ಎಂಬುದನ್ನು ಯೆಸ್ ಮಾಡಿ. ಪಿಎಫ್‌ಸೆನ್ಸ್‌ನಲ್ಲಿ ಜೋಪಾನ: ಅಲ್ಲಿ ನೀವು ಹಾಕಿದ ಅಂಕಿಯಿಂದ ಅದೇ 40 ಕಳೆದುಕೊಳ್ಳುತ್ತದೆ, ಹಾಗಾಗಿ 1452 ಅಲ್ಲ, 1492 ಹಾಕಬೇಕು. ಬರಿಯ ಲಿನಕ್ಸ್ ಪೆಟ್ಟಿಗೆಯಾದರೆ ಐಪಿಟೇಬಲ್ಸ್‌ನ ಮ್ಯಾಂಗಲ್ ಟೇಬಲ್‌ನಲ್ಲಿ, ಫಾರ್ವರ್ಡ್ ಸರಪಳಿಗೆ ಟಿಸಿಪಿಎಂಎಸ್‌ಎಸ್ ನಿಯಮ ಸೇರಿಸಿ, ದಾರಿಯ ಎಂಟಿಯುಗೆ ತಕ್ಕಂತೆ ಕ್ಲ್ಯಾಂಪ್ ಮಾಡಲು ಹೇಳಿ. ಹೊರಹೋಗುವ ಇಂಟರ್‌ಫೇಸ್‌ಗೆ ಮಾತ್ರ ಕಟ್ಟಿಹಾಕಬೇಡಿ, ಎರಡೂ ದಿಕ್ಕಿಗೆ ಇರಲಿ.

ಹಾಕಿದ ಮೇಲೆ ಮತ್ತೆ ವೈರ್‌ಶಾರ್ಕ್. ಈ ಸಲ ಸರ್ವರ್‌ನಿಂದ ಬರುವ ಸಿನ್-ಆಕ್ ಪ್ಯಾಕೆಟ್ (ಮೂರು ಪುಟ್ಟ ಪ್ಯಾಕೆಟ್‌ಗಳಲ್ಲಿ ಎರಡನೆಯದು) ತೆರೆದು ಎಂಎಸ್‌ಎಸ್ ನೋಡಿ. ಮುಂಚೆ 1460 ಇದ್ದದ್ದು ಈಗ 1452 ಆಗಿದ್ದರೆ ನಿಯಮ ಕೆಲಸ ಮಾಡುತ್ತಿದೆ. ಪುಟ ತೆರೆಯಿತು ಎಂಬುದಕ್ಕಿಂತ ಇದು ಗಟ್ಟಿ ಸಾಕ್ಷಿ.

ವಿಪಿಎನ್ ಇರುವವರು ಇನ್ನೊಂದು ಲೆಕ್ಕ ಹಾಕಬೇಕು. ವೈರ್‌ಗಾರ್ಡ್ ಎಂಬ ವಿಪಿಎನ್ ಸಾಮಾನ್ಯವಾಗಿ 1420 ಎಂಟಿಯು ಇಟ್ಟುಕೊಳ್ಳುತ್ತದೆ. 1500ರಲ್ಲಿ 80 ಕಳೆದ ಅಂಕಿ ಅದು. ಪಿಪಿಪಿಒಇ ಮೇಲೆ ಓಡುವಾಗ 1412 ಮಾಡಿ.

ಐಪಿವಿ6 ಮರೆಯಬೇಡಿ

ಬ್ಯಾಂಕ್ ತೆರೆಯಿತು ಎಂದು ಎದ್ದು ಬರುವ ಮುಂಚೆ ಇದೊಂದು ನೋಡಿ. ಎಷ್ಟೋ ಕಡೆ ಐಪಿಯ ಹಳೆಯ ಆವೃತ್ತಿಯಾದ ಐಪಿವಿ4ಕ್ಕೆ ಮಾತ್ರ ನಿಯಮ ಹಾಕಿರುತ್ತಾರೆ, ಹೊಸದಾದ ಐಪಿವಿ6ಕ್ಕೆ ಹಾಕಿರುವುದಿಲ್ಲ. ಐಪಿವಿ6ನಲ್ಲಿ ರೂಟರ್‌ಗಳು ಪ್ಯಾಕೆಟ್ ತುಂಡು ಮಾಡುವುದೇ ಇಲ್ಲ. "ಪ್ಯಾಕೆಟ್ ದೊಡ್ಡದಾಯಿತು" ಎಂಬ ಐಸಿಎಂಪಿ ಸುದ್ದಿಯ ಮೇಲೇ ಎಲ್ಲಾ ನಿಂತಿದೆ. ಐಪಿವಿ6 ಕೆಟ್ಟರೆ ಬ್ರೌಸರ್ ತಾನೇ ಐಪಿವಿ4ಕ್ಕೆ ಜಾರುತ್ತದೆ ಎಂಬ ನಂಬಿಕೆ ಇದೆ. ಜಾರುವುದು ಸಂಪರ್ಕ ಆಗದಿದ್ದಾಗ. ಇಲ್ಲಿ ಪುಟ್ಟ ಪ್ಯಾಕೆಟ್‌ಗಳಿಂದ ಸಂಪರ್ಕ ಆಗಿಬಿಟ್ಟಿರುತ್ತದೆ, ಆದ್ದರಿಂದ ಬ್ರೌಸರ್ ಐಪಿವಿ6ನಲ್ಲೇ ಕಾಯುತ್ತಾ ಕೂರುತ್ತದೆ. ಐಪಿವಿ6 ಹೆಡರ್ 40 ಬೈಟ್, ಹಾಗಾಗಿ ಅಲ್ಲಿ ಎಂಎಸ್‌ಎಸ್ 1432. ನಿಯಮವನ್ನು ಅದಕ್ಕೂ ಹಾಕಿ.

ಇಷ್ಟಾದರೂ ಆಗಲಿಲ್ಲ ಅಂದರೆ ಇಂಟರ್ನೆಟ್ ಕೊಟ್ಟವರಿಗೆ ಮತ್ತೆ ಫೋನ್ ಮಾಡಿ. "ನೆಟ್ ಸರಿ ಇಲ್ಲ" ಎನ್ನಬೇಡಿ. "ಡಿಎಫ್ ಹಾಕಿದ ಪಿಂಗ್ 1464ಕ್ಕೆ ಬರುತ್ತದೆ, 1465ಕ್ಕೆ ಟೈಮ್ಡ್ ಔಟ್ ಆಗುತ್ತದೆ, ಟೈಪ್ 3 ಕೋಡ್ 4 ವಾಪಸ್ ಬರುತ್ತಿಲ್ಲ" ಎಂದು ಹೇಳಿ, ವೈರ್‌ಶಾರ್ಕ್ ಫೈಲ್ ಜೊತೆಗೆ ಕಳುಹಿಸಿ. ಅವರ ಯಂತ್ರಗಳು 2006ರ ಆರ್‌ಎಫ್‌ಸಿ 4638ಕ್ಕೆ ಒಗ್ಗುತ್ತವೆಯೇ ಎಂದೂ ಕೇಳಿ. ಅದಿದ್ದರೆ ಇಥರ್ನೆಟ್ ಕೊಂಡಿಯನ್ನು 1508ಕ್ಕೆ ಏರಿಸಿ ಪಿಪಿಪಿಒಇ ಮೇಲೂ ಪೂರ್ತಿ 1500 ಓಡಿಸಬಹುದು. ನಿಮ್ಮ ರೂಟರ್‌ಗೂ ಅದು ಗೊತ್ತಿರಬೇಕು.